ಉಜ್ಜಿಸುವುದರಿಂದ ಉಜ್ಜಿಕೊಳ್ಳುವವರೆಗೆ: ಮಗು ತಾನೇ ಹಲ್ಲುಜ್ಜುವ ವಯಸ್ಸು ಯಾವುದು?

(ಪೆದ್ದೆಮುಲ್‌ನಲ್ಲಿ ಸೇರಿದ್ದ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲಾ ಶಿಕ್ಷಕರ ತರಬೇತಿ ಸಭೆಯಲ್ಲಿ ನೀಡಿದ ಉಪನ್ಯಾಸ)



ಇಂತಹ ಸಭೆಗಳಲ್ಲಿ ಓದು, ಬರಹ, ಕಾಗುಣಿತ, ಒತ್ತಕ್ಷರಗಳ ಬೋಧನೆಯನ್ನು ಕುರಿತು ಮಾತನಾಡುವುದು ನನ್ನ ವಾಡಿಕೆ. ಇಂದು ಮಕ್ಕಳ ಹಲ್ಲನ್ನು ಕುರಿತು ಮಾತನಾಡಬೇಕೆಂದು ಬಂದಿದ್ದೇನೆ. ವೈದ್ಯರು ಹೇಳಬೇಕಾದ ಮಾತನ್ನು ಭಾಷೆಯ ತರಬೇತುದಾರರು ಏಕೆ ಹೇಳಬೇಕು ಎಂದು ನಿಮಗೆ ಅನಿಸಬಹುದು. ಅದಕ್ಕೆ ಕಾರಣವಾದ ಒಂದು ಪ್ರಸಂಗವನ್ನು ಮೊದಲು ನಿವೇದಿಸುತ್ತೇನೆ. ಅದರಲ್ಲಿ ತಪ್ಪು ನನ್ನದೇ.

ಹಲವು ವರ್ಷಗಳ ಹಿಂದೆ ಒಂದನೆಯ ತರಗತಿಯ ಮಕ್ಕಳ ಅಭ್ಯಾಸಗಳನ್ನು ದಾಖಲಿಸಲು ನಾನೊಂದು ಪಟ್ಟಿಯನ್ನು ಸಿದ್ಧಪಡಿಸಿದ್ದೆ. ತಾನೇ ಸ್ನಾನ ಮಾಡುತ್ತದೆಯೇ, ತಾನೇ ತಲೆ ಬಾಚಿಕೊಳ್ಳುತ್ತದೆಯೇ, ತಾನೇ ಹಲ್ಲುಜ್ಜಿಕೊಳ್ಳುತ್ತದೆಯೇ ಎಂಬ ಪ್ರಶ್ನೆಗಳು. ಎದುರಿಗೆ 'ಹೌದು', 'ಇಲ್ಲ' ಎಂಬ ಎರಡು ಅಂಕಣಗಳು. ಪಟ್ಟಿ ಅನೇಕ ಶಾಲೆಗಳಲ್ಲಿ ಬಳಕೆಗೆ ಬಂದಿತು. ಕೆಲವು ವರ್ಷಗಳ ತರುವಾಯ ಈ ಗಡಿಭಾಗದ ಒಂದು ಶಾಲೆಗೆ ಭೇಟಿ ಕೊಟ್ಟಾಗ ನಾಲ್ಕನೆಯ ತರಗತಿಯ ಒಬ್ಬ ಹುಡುಗಿ ಕೆನ್ನೆಗೆ ಕೈಹಚ್ಚಿ ಮೂಲೆಯಲ್ಲಿ ಕುಳಿತಿದ್ದಳು. ಓದಿನಲ್ಲಿ ಮುಂದಿದ್ದ ಮಗು. ಕೆಳದವಡೆಯ ಹಿಂಬದಿಯ ಒಂದು ಹಲ್ಲು ಕಪ್ಪಾಗಿ, ನಡುವೆ ಕುಳಿ ಬಿದ್ದಿತ್ತು. ತಾಯಿಯನ್ನು ಕರೆಸಿ ಕೇಳಿದಾಗ ಆಕೆ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಆಕಿ ಭಾಳ ಶಾಣ್ಯಾಕಿ ಅದಾಳ್ರಿ. ಅಂಗನವಾಡಿಗೆ ಹೋಗೂವಾಗಿಂದ ತನ್ನ ಹಲ್ಲು ತಾನೇ ತಿಕ್ಕೋತಾಳ್ರಿ. ಅದು ಹಾಲುಹಲ್ಲೇ ಅಲ್ರಿ, ಬಿದ್ದು ಮತ್ತ ಬರ್ತದ ಬಿಡ್ರಿ."

ಅದು ಹಾಲುಹಲ್ಲಾಗಿರಲಿಲ್ಲ, ಆರನೆಯ ವರ್ಷದಲ್ಲಿ ಮೂಡಿದ ಶಾಶ್ವತ ದವಡೆಹಲ್ಲು. ಉಳಿಸಿಕೊಳ್ಳುವ ಕಾಲ ಮೀರಿದ್ದರಿಂದ ಅದನ್ನು ಕೀಳಿಸಬೇಕಾಯಿತು. ಒಂಬತ್ತರ ಬಾಲಕಿ ಜೀವಮಾನವಿಡೀ ಅಗಿಯಬೇಕಾಗಿದ್ದ ಹಲ್ಲೊಂದನ್ನು ಕಳೆದುಕೊಂಡಳು. ಶಾಲೆಯ ಹಳೆಯ ಕಡತವನ್ನು ತೆರೆಸಿ ನೋಡಿದೆ. ಒಂದನೆಯ ತರಗತಿಯಲ್ಲಿ ಅವಳ ಹೆಸರಿನ ಎದುರು 'ತಾನೇ ಹಲ್ಲುಜ್ಜಿಕೊಳ್ಳುತ್ತದೆ' ಎಂಬಲ್ಲಿ 'ಹೌದು' ಎಂಬ ಗುರುತು ಅಚ್ಚುಕಟ್ಟಾಗಿ ಬಿದ್ದಿತ್ತು. ಶಿಕ್ಷಕರು ಬರೆದುದು ಸುಳ್ಳಲ್ಲ, ತಾಯಿ ಹೇಳಿದುದೂ ಸುಳ್ಳಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ಮೂರು ಕ್ರಿಯಾಪದಗಳು

ನಾವು ಕನ್ನಡದ ಶಿಕ್ಷಕರು. ಆದುದರಿಂದ ವಿಷಯವನ್ನು ನಮ್ಮ ವ್ಯಾಕರಣದ ಬಾಗಿಲಿನಿಂದಲೇ ಪ್ರವೇಶಿಸೋಣ. ನಮ್ಮಲ್ಲಿ 'ಉಜ್ಜು', 'ಉಜ್ಜಿಸು', 'ಉಜ್ಜಿಕೊ' ಎಂಬ ಮೂರು ರೂಪಗಳಿವೆ. ಈ ಭಾಗದ ಆಡುಮಾತಿನಲ್ಲಿ ಹೇಳುವುದಾದರೆ ತಿಕ್ಕು, ತಿಕ್ಕಿಸು, ತಿಕ್ಕೊ. ನೆರೆಯ ತೆಲುಗಿನಲ್ಲಿಯೂ ತೋಮು, ತೋಮಿಂಚು, ತೋಮುಕೋ ಎಂದು ಇದೇ ಅಚ್ಚಿನ ರೂಪಗಳಿವೆ. ಎರಡೂ ಭಾಷೆಗಳ ನಡುವೆ ಬೆಳೆಯುವ ನಮ್ಮ ಮಕ್ಕಳಿಗೆ ಇದನ್ನು ತೋರಿಸಿಕೊಟ್ಟರೆ ಅವರು ಬಹು ಬೇಗ ಹಿಡಿಯುತ್ತಾರೆ. ಮೊದಲನೆಯದರಲ್ಲಿ ಹಿರಿಯರು ಮಗುವಿನ ಹಲ್ಲನ್ನು ಉಜ್ಜುತ್ತಾರೆ. ಎರಡನೆಯದರಲ್ಲಿ ಮಗುವಿನ ಕೈಯಿಂದಲೇ ಆ ಕೆಲಸವನ್ನು ಮಾಡಿಸುತ್ತಾರೆ. ಮೂರನೆಯದರಲ್ಲಿ ಮಗು ತಾನೇ ತನಗಾಗಿ ಮಾಡಿಕೊಳ್ಳುತ್ತದೆ.

ನಾನು ಮಾಡಿದ ಪಟ್ಟಿಯಲ್ಲಿ ಮೊದಲನೆಯದು ಮತ್ತು ಮೂರನೆಯದು ಮಾತ್ರ ಇದ್ದವು. ನಡುವಿನ 'ಉಜ್ಜಿಸು' ಎಂಬ ಹಂತಕ್ಕೆ ಅಂಕಣವೇ ಇರಲಿಲ್ಲ. ಮಗುವಿನ ಬಾಳಿನಲ್ಲಾದರೋ ಈ ನಡುವಿನ ಹಂತವೇ ದೀರ್ಘವಾದುದು; ಸುಮಾರು ಮೂರನೆಯ ವರ್ಷದಿಂದ ಏಳು ಎಂಟನೆಯ ವರ್ಷದವರೆಗೆ ಅದು ನಡೆಯುತ್ತದೆ. ಅಂಗನವಾಡಿಯಿಂದ ಎರಡು ಮೂರನೆಯ ತರಗತಿಯವರೆಗಿನ ಪೂರ್ಣ ಅವಧಿ ಇದರಲ್ಲಿಯೇ ಕಳೆಯುತ್ತದೆ.

ಶಿಕ್ಷಣಶಾಸ್ತ್ರವನ್ನು ಓದಿದ ನಿಮಗೆ ಇದು ಹೊಸದಲ್ಲ. ಮಗು ಒಬ್ಬಂಟಿಯಾಗಿ ಮಾಡಬಲ್ಲ ಕೆಲಸಕ್ಕೂ ತಿಳಿದವರ ನೆರವಿನಿಂದ ಮಾಡಬಲ್ಲ ಕೆಲಸಕ್ಕೂ ನಡುವಣ ಅಂತರವೇ ಕಲಿಕೆಯ ನಿಜವಾದ ನೆಲ ಎಂದು ವೈಗಾಟ್ಸ್ಕಿ ತಿಳಿಸಿದರು. ಅಕ್ಷರ ಕಲಿಸುವಾಗ ನಾವು ಇದನ್ನು ಪಾಲಿಸುತ್ತೇವೆ. ಮೊದಲು ಮಗುವಿನ ಕೈಹಿಡಿದು ತಿದ್ದಿಸುತ್ತೇವೆ, ಆಮೇಲೆ ಚುಕ್ಕೆ ಇಟ್ಟುಕೊಡುತ್ತೇವೆ, ಕಡೆಗೆ ಬರಿಯ ಗೆರೆ. ಬಳಪ ಹಿಡಿದ ಮಾತ್ರಕ್ಕೆ ಮಗುವಿಗೆ ಬರಹ ಬಂದಿತೆಂದು ಯಾವ ಶಿಕ್ಷಕರೂ ಹೇಳುವುದಿಲ್ಲ. ಆದರೆ ಬ್ರಷ್ ಹಿಡಿದ ಮಾತ್ರಕ್ಕೆ ಹಲ್ಲುಜ್ಜಲು ಬಂದಿತೆಂದು ನಂಬಿಬಿಡುತ್ತೇವೆ.

ಆರನೆಯ ವರ್ಷದ ಹಲ್ಲು

ಈಗ ಬಾಯೊಳಗೆ ನಡೆಯುವುದನ್ನು ಸಂಕ್ಷೇಪವಾಗಿ ತಿಳಿಯೋಣ. ಮಗುವಿಗೆ ಸುಮಾರು ಆರು ತಿಂಗಳಾದಾಗ ಮೊದಲ ಹಾಲುಹಲ್ಲು ಮೂಡುತ್ತದೆ. ಎರಡೂವರೆಯಿಂದ ಮೂರು ವರ್ಷದೊಳಗೆ 20 ಹಾಲುಹಲ್ಲುಗಳೂ ಬಂದಿರುತ್ತವೆ. ಆರು ವರ್ಷದ ಸುಮಾರಿಗೆ ಎರಡು ಸಂಗತಿಗಳು ಜೊತೆಯಾಗಿ ನಡೆಯುತ್ತವೆ. ಮುಂದಿನ ಹಾಲುಹಲ್ಲುಗಳು ಅಲುಗಾಡಿ ಬೀಳತೊಡಗುತ್ತವೆ. ಇದು ಎಲ್ಲರ ಕಣ್ಣಿಗೂ ಬೀಳುವ ಸಂಗತಿ. ಮಗುವಿಗೆ ಸಂಭ್ರಮ, ಮನೆಯವರಿಗೆ ನಗು. ಅದೇ ವೇಳೆಗೆ ಹಾಲುಹಲ್ಲುಗಳ ಸಾಲಿನ ಕಟ್ಟಕಡೆಯಲ್ಲಿ, ಮೇಲೆ ಎರಡು, ಕೆಳಗೆ ಎರಡು, ಒಟ್ಟು ನಾಲ್ಕು ಶಾಶ್ವತ ದವಡೆಹಲ್ಲುಗಳು ಸದ್ದಿಲ್ಲದೆ ಮೂಡುತ್ತವೆ. ಇವು ಬರಲು ಯಾವ ಹಲ್ಲೂ ಬೀಳಬೇಕಾಗಿಲ್ಲ. ಆದುದರಿಂದಲೇ ಇವು ಬಂದುದು ಮನೆಯವರಿಗೆ ತಿಳಿಯುವುದಿಲ್ಲ. ತಿಳಿದರೂ ಹಾಲುಹಲ್ಲೆಂದೇ ಎಣಿಸುತ್ತಾರೆ. ಇವು ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ.

ಈ ಹಲ್ಲಿಗೆ ಮೂರು ಅಪಾಯಗಳು ಒಟ್ಟಿಗೆ ಒದಗುತ್ತವೆ. ಅದರ ಮೇಲ್ಮೈಯಲ್ಲಿ ಆಳವಾದ ಗೀರುಗಳಿದ್ದು ಅನ್ನ, ಬಿಸ್ಕತ್ತುಗಳ ಕಣ ಅಲ್ಲಿ ಕೂರುತ್ತದೆ. ಹೊಸದಾಗಿ ಮೂಡಿದ ಹಲ್ಲಿನ ಹೊರಕವಚ ಇನ್ನೂ ಪೂರ್ತಿ ಗಟ್ಟಿಗೊಂಡಿರುವುದಿಲ್ಲ. ಜೊತೆಗೆ ಅದು ಪೂರ್ತಿಯಾಗಿ ಮೇಲೇರಲು ಅನೇಕ ತಿಂಗಳುಗಳೇ ಹಿಡಿಯುತ್ತವೆ. ಅಷ್ಟು ಕಾಲವೂ ಅದು ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುತ್ತದೆ. ಮಗು ಬ್ರಷ್ಷನ್ನು ಹಿಂದೆ ಮುಂದೆ ಆಡಿಸಿದಾಗ ಎಳೆಗಳು ಎತ್ತರದ ಹಲ್ಲುಗಳ ಮೇಲೆ ಓಡಾಡುತ್ತವೆಯೇ ಹೊರತು ಈ ತಗ್ಗಿನ ಹಲ್ಲನ್ನು ಮುಟ್ಟುವುದೇ ಇಲ್ಲ. ಅದನ್ನು ಮುಟ್ಟಬೇಕಾದರೆ ಬ್ರಷ್ಷನ್ನು ಬಾಯಿಯ ಪಕ್ಕದಿಂದ ಅಡ್ಡಲಾಗಿ ಒಳಗಿಟ್ಟು ಆ ಹಲ್ಲೊಂದನ್ನೇ ಉಜ್ಜಬೇಕು. ಆರು ವರ್ಷದ ಮಗುವಿನ ಮಣಿಕಟ್ಟಿಗೆ ಅಷ್ಟು ಹಿಡಿತ ಇನ್ನೂ ಬಂದಿರುವುದಿಲ್ಲ.

ಅಂದರೆ ಬಾಳಿನ ಅತ್ಯಂತ ಮುಖ್ಯವಾದ ಅಗಿಯುವ ಹಲ್ಲು ಮೂಡುವ ವರ್ಷ, ಮಗು ಒಂದನೆಯ ತರಗತಿಗೆ ಸೇರುವ ವರ್ಷ, ಮನೆಯವರು ಕೈಬಿಡುವ ವರ್ಷ, ಈ ಮೂರೂ ಒಂದೇ. ನನ್ನ ಪಟ್ಟಿಯ 'ಹೌದು' ಆ ಕೈಬಿಡುವಿಕೆಗೆ ಶಾಲೆಯ ಮುದ್ರೆಯನ್ನು ಒತ್ತಿತ್ತು.

ವಯಸ್ಸಿಗಿಂತ ಲಕ್ಷಣ ಮುಖ್ಯ

ಹಾಗಾದರೆ ಮಗು ಎಷ್ಟು ವಯಸ್ಸಿಗೆ ತಾನೇ ಹಲ್ಲುಜ್ಜಿಕೊಳ್ಳಬಲ್ಲದು? ದಂತವೈದ್ಯರು ಸಾಮಾನ್ಯವಾಗಿ ಕೊಡುವ ಉತ್ತರ ಏಳರಿಂದ ಎಂಟು ವರ್ಷ. ಹಂತಗಳಾಗಿ ಹೇಳುವುದಾದರೆ, ಮೂರು ವರ್ಷದವರೆಗೆ ಹಿರಿಯರೇ ಉಜ್ಜಬೇಕು. ಮೂರರಿಂದ ಆರರವರೆಗೆ ಮಗು ಮೊದಲು ಉಜ್ಜಲಿ, ಆಮೇಲೆ ಹಿರಿಯರು ಅದೇ ಬ್ರಷ್ಷಿನಿಂದ ಇನ್ನೊಮ್ಮೆ ಉಜ್ಜಲಿ. ಆರರಿಂದ ಎಂಟರವರೆಗೆ ಮಗುವೇ ಉಜ್ಜಲಿ. ಹಿರಿಯರು ಎದುರಿಗಿದ್ದು ನೋಡಿ, ಹಿಂದಿನ ದವಡೆಹಲ್ಲುಗಳನ್ನು ಮಾತ್ರ ತಾವು ಮುಗಿಸಿಕೊಡಲಿ. ಎಂಟರ ಮೇಲೆ ಒಂಟಿಯಾಗಿ ಬಿಡಬಹುದು, ವಾರಕ್ಕೊಮ್ಮೆ ಬಾಯಿ ತೆರೆಸಿ ನೋಡಿದರೆ ಸಾಕು. ಕೈಯ ಚಲನೆ ಅಥವಾ ಬುದ್ಧಿಯ ಬೆಳವಣಿಗೆ ನಿಧಾನವಾಗಿರುವ ವಿಶೇಷ ಅಗತ್ಯದ ಮಕ್ಕಳಿಗೆ ಈ ನೆರವು ಇನ್ನೂ ಹೆಚ್ಚು ಕಾಲ ಬೇಕಾದೀತು. ಅದರಲ್ಲಿ ನಾಚಿಕೆಪಡುವಂಥದು ಏನೂ ಇಲ್ಲ.

ಆದರೆ ಎಲ್ಲ ಮಕ್ಕಳೂ ಹುಟ್ಟುಹಬ್ಬದ ದಿನ ಒಂದೇ ಸಮನೆ ಬೆಳೆಯುವುದಿಲ್ಲ. ಆದುದರಿಂದ ವಯಸ್ಸಿನ ಜೊತೆಗೆ ಲಕ್ಷಣಗಳನ್ನೂ ನೋಡಬೇಕು. ಮಗು ಎರಡು ಗೆರೆಗಳ ನಡುವೆ ಅಕ್ಷರಗಳನ್ನು ಒಂದೇ ಅಳತೆಯಲ್ಲಿ ಬರೆಯುತ್ತಿದೆಯೇ? ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದೆಯೇ? ಬೂಟಿನ ದಾರವನ್ನೋ ಲಂಗದ ಲಾಡಿಯನ್ನೋ ತಾನೇ ಕಟ್ಟಿಕೊಳ್ಳುತ್ತಿದೆಯೇ? ಇವೆಲ್ಲ ಬೆರಳು ಮಣಿಕಟ್ಟುಗಳು ಪಳಗಿದ ಗುರುತುಗಳು, ಮತ್ತು ಇವು ತರಗತಿಯಲ್ಲಿ ದಿನವೂ ನಮ್ಮ ಕಣ್ಣೆದುರಿಗೇ ಇವೆ. ತಾಯಿಗೆ 'ನಿಮ್ಮ ಮಗನ ಅಕ್ಷರ ಇನ್ನೂ ಗೆರೆ ದಾಟುತ್ತದೆ, ಆದ್ದರಿಂದ ಬ್ರಷ್ಷಿಗೂ ನಿಮ್ಮ ಕೈ ಇನ್ನೊಂದು ವರ್ಷ ಬೇಕು' ಎಂದು ಹೇಳಬಲ್ಲವರು ನಾವೇ.

ಇನ್ನೊಂದು ಲಕ್ಷಣ ಉಗುಳುವುದು. ಚಿಕ್ಕ ಮಕ್ಕಳು ಪೇಸ್ಟಿನ ನೊರೆಯನ್ನು ನುಂಗುತ್ತಾರೆ. ಹಲ್ಲನ್ನು ಗಟ್ಟಿಗೊಳಿಸುವ ಫ್ಲೋರೈಡ್ ಎಳೆಯ ವಯಸ್ಸಿನಲ್ಲಿ ಅತಿಯಾಗಿ ಹೊಟ್ಟೆಗೆ ಸೇರಿದರೆ, ಒಸಡಿನೊಳಗೆ ರೂಪುಗೊಳ್ಳುತ್ತಿರುವ ಶಾಶ್ವತ ಹಲ್ಲಿನ ಮೇಲೆ ಬಿಳಿಯ ಮಚ್ಚೆಗಳು ಬೀಳಬಹುದು. ಅಂತರ್ಜಲದ ಫ್ಲೋರೈಡ್ ಮಿತಿಮೀರಿದರೆ ಏನಾಗುತ್ತದೆಂಬುದನ್ನು ನಮ್ಮ ರಾಜ್ಯದ ನಲ್ಗೊಂಡ ಪ್ರದೇಶ ಬಹಳ ಕಾಲ ಅನುಭವಿಸಿದೆ. ಹಾಗೆಂದು ಪೇಸ್ಟಿಗೆ ಹೆದರಬೇಕಾಗಿಲ್ಲ. ಅಳತೆ ಗೊತ್ತಿದ್ದರೆ ಸಾಕು. ಮೂರು ವರ್ಷದೊಳಗೆ ಒಂದು ಅಕ್ಕಿಕಾಳಿನಷ್ಟು, ಮೂರರಿಂದ ಆರರವರೆಗೆ ಒಂದು ಬಟಾಣಿಕಾಳಿನಷ್ಟು. ಬ್ರಷ್ಷಿನ ಉದ್ದಕ್ಕೂ ಪೇಸ್ಟನ್ನು ಹಾವಿನಂತೆ ಹರಿಯಬಿಡುವ ಜಾಹೀರಾತಿನ ಚಿತ್ರ ಚಿಕ್ಕ ಮಕ್ಕಳಿಗೆ ಸಲ್ಲದು. ಪೇಸ್ಟ್ ಹಾಕಿಕೊಡುವ ಕೆಲಸ ಆರು ವರ್ಷದವರೆಗೂ ಹಿರಿಯರದೇ ಆಗಿರಬೇಕು.

ಬೇವಿನ ಕಡ್ಡಿ, ಉಪ್ಪು, ಇದ್ದಿಲು

ನಮ್ಮ ಹಳ್ಳಿಗಳಲ್ಲಿ ಬೇವಿನ ಕಡ್ಡಿಯಿಂದ ಹಲ್ಲುಜ್ಜುವ ಅಜ್ಜಂದಿರು ಇನ್ನೂ ಇದ್ದಾರೆ. ಅವರನ್ನು ತರಗತಿಯಲ್ಲಿ ಹಿಂದುಳಿದವರೆಂಬಂತೆ ಚಿತ್ರಿಸಬಾರದು. ಪ್ರತಿ ಮುಂಜಾನೆ ತಪ್ಪದೆ ಬಾಯಿ ಶುಚಿಮಾಡಿಕೊಳ್ಳುವ ಶಿಸ್ತನ್ನು ಮಕ್ಕಳು ಅವರಿಂದಲೇ ಕಲಿಯಬೇಕು. ಆದರೆ ಎಳೆಯ ಮಗುವಿನ ಕೈಗೆ ಕಡ್ಡಿ ಕೊಟ್ಟರೆ ಅದು ಮುಂದಿನ ಹಲ್ಲನ್ನು ಮಾತ್ರ ಮುಟ್ಟುತ್ತದೆ, ಹಿಂದಿನದನ್ನು ಮುಟ್ಟುವುದಿಲ್ಲ, ಒಸಡನ್ನು ಗೀರುವ ಸಂಭವವೂ ಉಂಟು. ಇಟ್ಟಿಗೆ ಪುಡಿ, ಬೂದಿ, ಇದ್ದಿಲುಗಳು ಹಲ್ಲನ್ನು ಬೆಳ್ಳಗೆ ತೋರಿಸಿದರೂ ಅದರ ಕವಚವನ್ನು ಸವೆಸುತ್ತವೆ.

ಒಂದು ವಿಷಯದಲ್ಲಿ ಮಾತ್ರ ಸಂಕೋಚವಿಲ್ಲದೆ ಎಚ್ಚರಿಸಬೇಕು. ತಂಬಾಕು ಬೆರೆತ ಪುಡಿಯಿಂದ ಹಲ್ಲು ತಿಕ್ಕುವ ರೂಢಿ ಕೆಲವು ಮನೆಗಳ ಹಿರಿಯರಲ್ಲಿದೆ. ಪಕ್ಕದಲ್ಲಿ ಕುಳಿತ ಮೊಮ್ಮಗುವೂ ಬೆರಳು ಅದ್ದುತ್ತದೆ. ಹಲ್ಲಿನ ಪುಡಿ, ಪೇಸ್ಟುಗಳಲ್ಲಿ ತಂಬಾಕನ್ನು ಬಳಸುವುದನ್ನು ಭಾರತ ಸರ್ಕಾರ 1992ರಲ್ಲಿಯೇ ನಿಷೇಧಿಸಿದೆ. ಇದನ್ನು ಮಗುವಿನ ಬಾಯಿಂದ ಅಜ್ಜಿಗೆ ಹೇಳಿಸಬೇಡಿ. ನಾವೇ ಮನೆಗೆ ಹೋದಾಗ ಗೌರವದಿಂದ ತಿಳಿಸೋಣ.

ಮುಂಜಾನೆ ಬೇಡ, ರಾತ್ರಿ ಇರಲಿ

ಇಲ್ಲಿ ನೀವು ಕೇಳಬಹುದಾದ ಪ್ರಶ್ನೆಯನ್ನು ನಾನು ಊಹಿಸಬಲ್ಲೆ. 'ಹಿರಿಯರು ಎದುರಿಗಿದ್ದು ಉಜ್ಜಿಸಬೇಕು ಎನ್ನುತ್ತೀರಿ. ನಮ್ಮ ಮಕ್ಕಳ ತಾಯಂದಿರು ಸೂರ್ಯ ಹುಟ್ಟುವ ಮುಂಚೆ ತೊಗರಿ ಹೊಲಕ್ಕೆ ಹೋಗುತ್ತಾರೆ, ತಂದೆಯರು ಕಲ್ಲಿನ ಗಣಿಗೆ ಹೋಗುತ್ತಾರೆ. ಮನೆಯಲ್ಲಿ ಯಾರಿದ್ದಾರೆ?' ಪ್ರಶ್ನೆ ನ್ಯಾಯವಾದುದು. ತಾಂಡೂರಿನ ತೊಗರಿಗೂ ಹಾಸುಗಲ್ಲಿಗೂ ದೂರದೂರದಲ್ಲಿ ಹೆಸರಿದೆ. ಅದರ ಹಿಂದಿರುವ ದುಡಿಮೆ ನಮ್ಮ ಮಕ್ಕಳ ಮನೆಗಳದು. ಅಂತಹ ತಾಯಿಯನ್ನು ಶಾಲೆಗೆ ಕರೆಸಿ 'ಮಗುವಿನ ಹಲ್ಲು ನೋಡಲಾರಿರಾ' ಎಂದು ಗದರಿಸುವುದು ಅನ್ಯಾಯ.

ಉತ್ತರ ರಾತ್ರಿಯಲ್ಲಿದೆ. ನಿದ್ದೆಯಲ್ಲಿ ಬಾಯೊಳಗಿನ ಜೊಲ್ಲು ಕಡಿಮೆಯಾಗುತ್ತದೆ. ಹಗಲಿನಲ್ಲಿ ಹಲ್ಲನ್ನು ತೊಳೆಯುತ್ತಿದ್ದುದು ಈ ಜೊಲ್ಲೇ. ಅದು ತಗ್ಗಿದಾಗ, ಹಲ್ಲಿಗಂಟಿದ ಸಿಹಿಯನ್ನು ಸೂಕ್ಷ್ಮಜೀವಿಗಳು ಆಮ್ಲವಾಗಿಸಿ ಕವಚವನ್ನು ಕರಗಿಸುತ್ತವೆ. ಆದುದರಿಂದ ಮಲಗುವ ಮುನ್ನ ಉಜ್ಜುವುದು ಮುಂಜಾನೆ ಉಜ್ಜುವುದಕ್ಕಿಂತಲೂ ಮುಖ್ಯ. ಅದೇ ಹೊತ್ತಿನಲ್ಲಿ ತಾಯಿ ತಂದೆಯರೂ ಮನೆಯಲ್ಲಿರುತ್ತಾರೆ. ಮುಂಜಾನೆ ಮಗು ತಾನೇ ಉಜ್ಜಿಕೊಳ್ಳಲಿ. ರಾತ್ರಿ ಊಟವಾದ ಮೇಲೆ ಎರಡು ನಿಮಿಷ ಹಿರಿಯರು ಉಜ್ಜಿಸಲಿ. ಆಮೇಲೆ ನೀರು ಬಿಟ್ಟು ಬೇರೇನೂ ಬೇಡ. ದಣಿದ ತಾಯಿಯಿಂದ ದಿನಕ್ಕೆ ಎರಡು ನಿಮಿಷ ಕೇಳುವುದು ಅತಿಯಲ್ಲ. ಕಾರಣವನ್ನು ತಿಳಿಸಿದರೆ ಆಕೆ ಕೊಡುತ್ತಾಳೆ.

ಅನೇಕ ಮನೆಗಳಲ್ಲಿ ಈ ಹೊಣೆ ಹತ್ತು ಹನ್ನೆರಡು ವರ್ಷದ ಅಕ್ಕನ ಮೇಲೆ ಬೀಳುತ್ತದೆ. ಅವಳ ಮೇಲೆಯೇ ಎಲ್ಲವನ್ನೂ ಹೊರಿಸುವುದು ಸರಿಯಲ್ಲ. ಆದರೂ ಅವಳು ನಮ್ಮದೇ ಶಾಲೆಯ ಐದನೆಯ ತರಗತಿಯಲ್ಲಿದ್ದರೆ ಅವಳಿಗೆ ಸರಿಯಾದ ಕ್ರಮವನ್ನು ಕಲಿಸಬಹುದು. ತಮ್ಮ ಹಲ್ಲುಜ್ಜುವಾಗ ಅವಳು ಎರಡರಿಂದ ಐದರವರೆಗಿನ ಮಗ್ಗಿಗಳನ್ನು ನಿಧಾನವಾಗಿ ಹೇಳಲಿ. ಒಟ್ಟು ನಲವತ್ತು ಸಾಲು. ಸಾಲಿಗೆ ಮೂರು ಸೆಕೆಂಡಿನಂತೆ ಎರಡು ನಿಮಿಷವಾಗುತ್ತದೆ. ಗಡಿಯಾರ ಬೇಕಾಗಿಲ್ಲ, ಮಗ್ಗಿಯೂ ಗಟ್ಟಿಯಾಗುತ್ತದೆ.

ಶಾಲೆಯಲ್ಲಿ ನಾವು ಮಾಡಬಹುದಾದುದು

ಸ್ಕಾಟ್ಲೆಂಡ್ ದೇಶದಲ್ಲಿ 'ಚೈಲ್ಡ್‌ಸ್ಮೈಲ್' ಎಂಬ ಸರ್ಕಾರಿ ಕಾರ್ಯಕ್ರಮದಡಿ ಶಿಶುವಿಹಾರಗಳಲ್ಲಿ ಮಕ್ಕಳಿಗೆ ಶಿಕ್ಷಕರ ಕಣ್ಣೆದುರಿಗೇ ದಿನವೂ ಹಲ್ಲುಜ್ಜಿಸುತ್ತಾರೆ. ಅಲ್ಲಿನ ಎಳೆಯರಲ್ಲಿ ಹುಳುಕು ಹಲ್ಲು ಗಣನೀಯವಾಗಿ ತಗ್ಗಿತು. ಅಲ್ಲಿನ ಅನುಕೂಲಗಳು ನಮಗಿಲ್ಲದಿರಬಹುದು. ಆದರೂ ನಮ್ಮ ಶಾಲೆಗಳಲ್ಲಿ ಹೆಚ್ಚಿನ ಖರ್ಚಿಲ್ಲದೆ ಮಾಡಬಹುದಾದ ಕೆಲವನ್ನು ಸೂಚಿಸುತ್ತೇನೆ.

ಮೊದಲನೆಯದಾಗಿ, ಮುಂಜಾನೆಯ ಪ್ರಾರ್ಥನೆಯ ಹೊತ್ತಿನಲ್ಲಿ 'ಯಾರು ಯಾರು ಹಲ್ಲುಜ್ಜಿ ಬಂದಿದ್ದೀರಿ, ಕೈ ಎತ್ತಿರಿ' ಎಂದು ಕೇಳುವುದನ್ನು ನಿಲ್ಲಿಸೋಣ. ಎಲ್ಲ ಕೈಗಳೂ ಮೇಲೇಳುತ್ತವೆ. ಮಗು ಆ ಹೊತ್ತಿನಲ್ಲಿ ಕಲಿಯುವುದು ಸುಳ್ಳನ್ನು ಮಾತ್ರ. ಅದರ ಬದಲಿಗೆ 'ನಿನ್ನೆ ರಾತ್ರಿ ನಿನಗೆ ಹಲ್ಲುಜ್ಜಿಸಿದವರು ಯಾರು?' ಎಂದು ಒಬ್ಬೊಬ್ಬರನ್ನೇ ಹತ್ತಿರ ಕರೆದು ಕೇಳೋಣ. 'ಯಾರೂ ಇಲ್ಲ' ಎಂಬ ಉತ್ತರ ಬಂದರೆ ಮಗುವನ್ನು ಜರೆಯದೆ ಮನೆಯವರೊಡನೆ ಮಾತನಾಡೋಣ.

ಎರಡನೆಯದಾಗಿ, ತಿಂಗಳಿಗೊಮ್ಮೆ ಬೀಟ್‌ರೂಟಿನ ಪ್ರಯೋಗ ಮಾಡಿಸೋಣ. ಉಜ್ಜಿದ ಹಲ್ಲಿನಿಂದ ಮಕ್ಕಳು ಬೀಟ್‌ರೂಟಿನ ಚಿಕ್ಕ ತುಂಡನ್ನು ಅಗಿದು, ಒಮ್ಮೆ ಬಾಯಿ ಮುಕ್ಕಳಿಸಿ, ಕನ್ನಡಿಯಲ್ಲಿ ನೋಡಿಕೊಳ್ಳಲಿ. ಕೊಳೆ ಉಳಿದ ಕಡೆ ಕೆಂಪು ಹೆಚ್ಚು ಹಿಡಿದಿರುತ್ತದೆ. ಒಸಡಿನ ಅಂಚು, ನಾಲಗೆಯ ಕಡೆಯ ಬದಿ, ಹಿಂದಿನ ದವಡೆ, ಈ ಮೂರು ಜಾಗಗಳನ್ನು ವಿಶೇಷವಾಗಿ ನೋಡಿಸಿರಿ. ಬ್ರಷ್ ಮುಟ್ಟದ ಜಾಗವನ್ನು ಮಗು ತಾನೇ ಕಂಡುಕೊಳ್ಳುತ್ತದೆ, ಉಪದೇಶ ಬೇಕಾಗುವುದಿಲ್ಲ.

ಮೂರನೆಯದಾಗಿ, ಒಂದನೆಯ ತರಗತಿಯ ಪಾಲಕರ ಮೊದಲ ಸಭೆಯಲ್ಲಿ ಆರನೆಯ ವರ್ಷದ ಹಲ್ಲಿನ ಸಂಗತಿಯನ್ನು ತಪ್ಪದೆ ತಿಳಿಸೋಣ. ದೀರ್ಘ ಭಾಷಣ ಬೇಡ. ಅವರ ಮನೆಮಾತಿನಲ್ಲಿ, ಕನ್ನಡವಾಗಲಿ, ತೆಲುಗಾಗಲಿ, ಲಂಬಾಣಿಯಾಗಲಿ, ಎರಡು ಮಾತು ಸಾಕು: 'ಅಕ್ಕಾ, ಕಡೆಯಿಂದ ಎಣಿಸಿದರೆ ಮೊದಲು ಸಿಗುವ ಈ ಹೊಸ ದವಡೆಹಲ್ಲು ಹಾಲುಹಲ್ಲಲ್ಲ. ಇದು ಹೋದರೆ ಮತ್ತೆ ಬರುವುದಿಲ್ಲ.' ಸಾಧ್ಯವಾದರೆ ಅವರ ಮಗುವಿನ ಬಾಯಿ ತೆರೆಸಿ ಆ ಹಲ್ಲನ್ನೇ ತೋರಿಸಿರಿ.

ನಾಲ್ಕನೆಯದಾಗಿ, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಹಲ್ಲಿನ ದೋಷಗಳೂ ಸೇರಿವೆ. ಆ ತಂಡ ಶಾಲೆಗೆ ಬಂದಾಗ ತೂಕ ಎತ್ತರಗಳನ್ನು ಬರೆಸಿ ಕಳುಹಿಸಿಬಿಡದೆ, ನಮಗೆ ಸಂಶಯವಿರುವ ಮಕ್ಕಳ ಹೆಸರುಗಳನ್ನು ಮೊದಲೇ ಬರೆದಿಟ್ಟುಕೊಂಡು ಅವರ ಬಾಯಿಯನ್ನು ನೋಡಿಸೋಣ. ಹಲ್ಲಿನ ಮೇಲೆ ಸಣ್ಣ ಕಪ್ಪು ಚುಕ್ಕೆ ಕಂಡಾಗಲೇ ವೈದ್ಯರಲ್ಲಿಗೆ ಹೋದರೆ ಹಲ್ಲು ಉಳಿಯುತ್ತದೆ. ನೋವು ಬಂದ ಮೇಲೆ ಹೋಗುವುದು ತಡವಾಗಿ ಹೋದಂತೆ. ಗುಳಿಬೀಳುವ ಮೊದಲೇ ದವಡೆಹಲ್ಲಿನ ಗೀರುಗಳನ್ನು ಮುಚ್ಚುವ ಲೇಪವೂ ದಂತವೈದ್ಯರಲ್ಲಿದೆ ಎಂಬುದನ್ನು ಪಾಲಕರಿಗೆ ತಿಳಿಸಿರಿ.

ಕಡೆಯದಾಗಿ, ನಿಮ್ಮ ಶಾಲೆಯ ಅಭ್ಯಾಸದ ಪಟ್ಟಿಯಲ್ಲಿ 'ಹೌದು, ಇಲ್ಲ' ಎಂಬ ಎರಡು ಅಂಕಣಗಳಿದ್ದರೆ ಅವನ್ನು ಹೊಡೆದುಹಾಕಿ 'ಹಿರಿಯರು ಉಜ್ಜುತ್ತಾರೆ', 'ಹಿರಿಯರು ಎದುರಿಗಿದ್ದು ಉಜ್ಜಿಸುತ್ತಾರೆ', 'ತಾನೇ ಉಜ್ಜಿಕೊಳ್ಳುತ್ತದೆ' ಎಂಬ ಮೂರು ಅಂಕಣಗಳನ್ನು ಬರೆದುಕೊಳ್ಳಿರಿ. ಒಂದನೆಯ ಮತ್ತು ಎರಡನೆಯ ತರಗತಿಗಳಲ್ಲಿ ನಡುವಿನ ಅಂಕಣದಲ್ಲಿ ಗುರುತು ಬಿದ್ದರೆ ಅದನ್ನು ಮಗುವಿನ ಕೊರತೆಯೆಂದು ತಿಳಿಯಬೇಡಿರಿ. ಆ ಮನೆಯಲ್ಲಿ ಮಗುವಿನ ಬಾಯಿಯನ್ನು ನೋಡುವ ಒಂದು ಜೊತೆ ಕಣ್ಣುಗಳಿವೆ ಎಂದು ಅದರ ಅರ್ಥ.

ಬಂಧುಗಳೇ, 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ತಾಂಡೂರು ಗುಲಬರ್ಗಾ ಜಿಲ್ಲೆಗೂ, ಜಹೀರಾಬಾದ್ ಮತ್ತು ನಾರಾಯಣಖೇಡಗಳು ಬೀದರ ಜಿಲ್ಲೆಗೂ ಸೇರಿದ್ದವು. ಗಡಿ ಸರಿದರೂ ಕನ್ನಡದ ಮನೆಗಳು ಇಲ್ಲಿಯೇ ಉಳಿದವು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂಬ 350-ಎ ವಿಧಿಯೂ ಸಂವಿಧಾನಕ್ಕೆ ಸೇರಿದ್ದು 1956ರಲ್ಲಿಯೇ. ಆ ಅನುಕೂಲ ಪಾಠಪುಸ್ತಕದಲ್ಲಿ ಮಾತ್ರ ನಿಲ್ಲಬಾರದು. ತಾಯಿಗೆ ಅರ್ಥವಾಗುವ ಮಾತಿನಲ್ಲಿ ಅವಳ ಮಗುವಿನ ಆರೋಗ್ಯದ ವಿಷಯವನ್ನು ಹೇಳಬಲ್ಲ ಶಿಕ್ಷಕರು ಊರಿನಲ್ಲಿರುವುದೂ ಮಾತೃಭಾಷಾ ಶಾಲೆಯ ಪ್ರಯೋಜನವೇ. ನಾನು ಹೇಳಿದ ಆ ಹುಡುಗಿಯ ತಾಯಿಗೆ ಈ ಎರಡು ಮಾತುಗಳನ್ನು ಮೂರು ವರ್ಷ ಮೊದಲೇ ಯಾರಾದರೂ ಹೇಳಿದ್ದರೆ ಆ ಹಲ್ಲು ಉಳಿಯುತ್ತಿತ್ತು. ಹೇಳಬಹುದಾದವರು ನಾವಿದ್ದೆವು. ಮುಂದಿನ ಜೂನ್ ತಿಂಗಳಲ್ಲಿ ನಿಮ್ಮ ಒಂದನೆಯ ತರಗತಿಗೆ ಬರುವ ಮಕ್ಕಳ ಬಾಯಲ್ಲಿ ಆ ಹಲ್ಲು ಈಗಷ್ಟೇ ಮೂಡುತ್ತಿರುತ್ತದೆ. ದಯವಿಟ್ಟು ನೋಡಿರಿ, ನೋಡಿ ಮನೆಯವರಿಗೆ ತೋರಿಸಿರಿ.